ನಾಗಪುರದಿಂದ ಲೋಕ ಸುತ್ತೋದು: ಸಂಬಳದವರ ಲೆಕ್ಕ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದಿಕೊಳ್ಳೋರಿಗೆ ಅನುಕೂಲ ಆಗಲಿ ಅಂತ ಇಲ್ಲಿ ಬರೆದು ಹಾಕ್ತಿದ್ದೀನಿ. ಮಾತಲ್ಲಿ ಓಡಿಸಿಬಿಟ್ಟಿದ್ದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿದ್ದೀನಿ.

ನಾಗಪುರ, ಪುಣೆ, ಹೈದರಾಬಾದ್, ನೋಯ್ಡಾ ಕಡೆ ಕೆಲಸಕ್ಕೆ ಬಂದಿರೋ ನಮ್ಮವರು ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ: "ಸಾರ್, ಫಾರಿನ್ ಟ್ರಿಪ್‌ಗೆ ಎಷ್ಟು ದುಡ್ಡು ಬೇಕು?" ಇದಕ್ಕೆ ಒಂದು ಸಂಖ್ಯೆ ಹೇಳಿಬಿಟ್ರೆ ಉತ್ತರ ಕೊಟ್ಟಂಗೆ ಆಗಲ್ಲ. ಯಾಕಂದ್ರೆ ನಮ್ಮ ಕೈಯಲ್ಲಿ ಖರ್ಚಾಗೋದು ಮೂರು: ದುಡ್ಡು, ರಜೆ, ಮತ್ತೆ ಪಾಸ್‌ಪೋರ್ಟ್ ಮೇಲಿನ ವೀಸಾ ಭಾಗ್ಯ. ಕಾಲೇಜು ಹುಡುಗರಿಗೆ ದುಡ್ಡಿರಲ್ಲ, ದಿನ ಬೇಕಾದಷ್ಟಿರುತ್ತೆ. ನಮಗೆ ತಿಂಗಳಿಗೊಮ್ಮೆ ಸಂಬಳ ಬರುತ್ತೆ, ರಜೆ ಇರಲ್ಲ. ಇರೋ ರಜೆ ಯುಗಾದಿಗೆ, ದೀಪಾವಳಿಗೆ, ಮದುವೆಗೆ, ಗೃಹಪ್ರವೇಶಕ್ಕೆ ಅಂತ ಊರಿಗೆ ಓಡಾಡೋದ್ರಲ್ಲೇ ಮುಗಿಯುತ್ತೆ. ಹಾಗಾಗಿ ಕಡಿಮೆ ಖರ್ಚಿನ ಪ್ರವಾಸ ಅನ್ನೋದನ್ನ ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಆರು ತಿಂಗಳು ತಿರುಗೋರ ಪಾಠದಿಂದ ಕಲಿಯೋಕಾಗಲ್ಲ. ನಮ್ಮ ಲೆಕ್ಕ ಬೇರೆ.

ಯಾರು ಹೋಗಿದ್ದಾರೆ, ಹೇಗೆ ಹೋಗಿದ್ದಾರೆ

ಡಾ. ಬ್ರೋ ವಿಡಿಯೋಗಳು ಬಂದ ಮೇಲೆ ನಮ್ಮ ಹಳ್ಳಿ ಮನೆಗಳಲ್ಲೂ ಆಫ್ರಿಕಾ, ಚೀನಾ ಮಾತು ಶುರುವಾಯ್ತು. "ನಮಸ್ಕಾರ ದೇವ್ರು" ಅಂತ ಒಬ್ಬ ಕನ್ನಡದ ಹುಡುಗ ಹೋಗಿ ನಿಲ್ಲೋದನ್ನ ನೋಡಿದ್ರೆ ಖುಷಿಯಾಗುತ್ತೆ. ಆದ್ರೆ ಅವರಿಗೆ ತಿರುಗೋದೇ ಕೆಲಸ. ನಾವು ನೋಡಬೇಕಾದ್ದು ಬೇರೆ ಕೆಲಸ ಮಾಡ್ತಾ ತಿರುಗಿದವರನ್ನ.

ಕನ್ನಡದಲ್ಲಿ ಅದಕ್ಕೆ ಒಳ್ಳೇ ಉದಾಹರಣೆ ಲೇಖಕಿ ನೇಮಿಚಂದ್ರ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿ ದುಡೀತಿದ್ದ ಹೆಣ್ಣುಮಗಳು ದೂರದ ಪೆರುವಿನವರೆಗೂ ಹೋಗಿ ಬಂದು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದ್ರು. ನಮ್ಮ ಹಾಗೇ ಆಫೀಸು, ಮನೆ ಎರಡೂ ಇದ್ದವರು.

ಇನ್ನೊಂದು ಜೋಡಿ ಕೊಚ್ಚಿಯವರು, ವಿಜಯನ್ ಮತ್ತು ಮೋಹನಾ. ಶ್ರೀ ಬಾಲಾಜಿ ಕಾಫಿ ಹೌಸ್ ಅಂತ ಸಣ್ಣ ಚಹಾ ಅಂಗಡಿ. ದಿನದ ವ್ಯಾಪಾರದಲ್ಲಿ 300 ರೂಪಾಯಿ ತೆಗೆದಿಡ್ತಿದ್ರು. ಸಾಲದಿದ್ದಾಗ ಸಾಲ ತಗೊಂಡು, ವಾಪಸ್ ಬಂದು ತೀರಿಸಿ, ಆಮೇಲೆ ಮುಂದಿನ ದೇಶ. 2007ರಿಂದ ಶುರುವಾದ ಅವರ ಓಡಾಟ 2021ರಲ್ಲಿ ವಿಜಯನ್ ತೀರಿಕೊಳ್ಳೋ ಹೊತ್ತಿಗೆ 26 ದೇಶ ಮುಟ್ಟಿತ್ತು. ದಿನಕ್ಕೆ 300 ಅಂದ್ರೆ ವರ್ಷಕ್ಕೆ 1,09,500 ರೂಪಾಯಿ. ನಮ್ಮಲ್ಲಿ ಎಷ್ಟೋ ಜನ ವಾರಾಂತ್ಯದ ಸ್ವಿಗ್ಗಿ, ಜೊಮಾಟೋ, ಯಾರೂ ನೋಡದ ಒಟಿಟಿಗೆ ಇಷ್ಟನ್ನೇ ಕೊಡ್ತೀವಿ. ಸಾಲದ ಭಾಗ ಮಾತ್ರ ನಾನು ಯಾರಿಗೂ ಹೇಳಲ್ಲ. ಅದರ ಕಾರಣ ಕೊನೆಯಲ್ಲಿ ಬರುತ್ತೆ.

ಮೂರನೇ ಉದಾಹರಣೆ ನಾಗಪುರದ್ದೇ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರ್ ಇಲ್ಲಿ ಬೌದ್ಧ ದೀಕ್ಷೆ ತಗೊಂಡ್ರು. ಮುಂದಿನ ತಿಂಗಳೇ ವಿಶ್ವ ಬೌದ್ಧ ಸಮ್ಮೇಳನಕ್ಕೆ ಕಠ್ಮಂಡುವಿಗೆ ಹೋದ್ರು. ಆ ದಾರಿಯಲ್ಲಿ ಇವತ್ತಿಗೂ ವಿದರ್ಭದ ಸಾಮಾನ್ಯ ಜನ ಹೋಗ್ತಾನೇ ಇದ್ದಾರೆ. ಬುದ್ಧಗಯಾ, ಸಾರನಾಥ, ಕುಶಿನಗರ, ಗಡಿ ದಾಟಿ ಲುಂಬಿನಿ. 'ಧಮ್ಮ ಸಹಲ್' ಅಂತಾರೆ ಮರಾಠಿಯಲ್ಲಿ. ನಮ್ಮ ಬಿಲ್ಡಿಂಗ್‌ನಲ್ಲಿರೋ ನಿವೃತ್ತ ಟೀಚರಮ್ಮ ಒಬ್ಬರು ಎರಡು ವರ್ಷ 'ಭಿಶಿ' ಹಾಕಿ, ಅಂದ್ರೆ ನಮ್ಮ ಕಡೆ ಚೀಟಿ ಅಂತೀವಲ್ಲ ಅದು, ಆ ದುಡ್ಡಲ್ಲಿ ಮೊದಲು ಲುಂಬಿನಿ ನೋಡಿದ್ರು, ಆಮೇಲೆ ಶ್ರೀಲಂಕಾ. ನಾಲ್ಕು ಜನ ಗೆಳತಿಯರು, ಒಂದೇ ರೂಮು, ಒಂದು ಸಣ್ಣ ಕುಕ್ಕರ್. ದೀಕ್ಷಾಭೂಮಿಗೆ ದಸರಾ ಹೊತ್ತಿಗೆ ನಮ್ಮ ಕಲಬುರಗಿ, ಬೀದರ್ ಕಡೆಯಿಂದ ಬರೋ ಜನರನ್ನ ಕಂಡಿರೋರಿಗೆ ಇದು ಹೊಸದಲ್ಲ. ದುಡ್ಡು ಕೂಡಿಡೋದು, ಜೊತೆ ಕಟ್ಟೋದು, ಹೋಗೋಕೆ ಒಂದು ಕಾರಣ ಇಟ್ಕೊಳ್ಳೋದು. ಈ ಮೂರೇ ಅವರ ಗುಟ್ಟು.

ನಾಗಪುರ ಇರೋ ಜಾಗವೇ ಲಾಭ

"ನಾಗಪುರದಿಂದ ಎಲ್ಲಿಗೂ ಫ್ಲೈಟ್ ಇಲ್ಲ" ಅಂತ ಗೊಣಗೋದು ಇಲ್ಲಿನ ಐಟಿಯವರ ಅಭ್ಯಾಸ. ನೇರ ವಿದೇಶಿ ವಿಮಾನ ಅಂದ್ರೆ ಇಲ್ಲಿ ವರ್ಷಗಳಿಂದ ಕೇಳಿಬರೋ ಹೆಸರು ಎರಡೇ, ಶಾರ್ಜಾ ಮತ್ತು ದೋಹಾ. ಆದ್ರೆ ರೈಲು ನಕ್ಷೆ ತೆಗೆದು ನೋಡಿ. ಇಲ್ಲಿಂದ ಮುಂಬೈ 837 ಕಿ.ಮೀ. ಕೋಲ್ಕತ್ತಾ, ದೆಹಲಿ, ಚೆನ್ನೈ ಮೂರೂ ಹೆಚ್ಚುಕಮ್ಮಿ 1,100 ಕಿ.ಮೀ. ದೆಹಲಿ–ಚೆನ್ನೈ ಲೈನೂ ಮುಂಬೈ–ಹೌರಾ ಲೈನೂ ಕೂಡೋದು ಇಲ್ಲೇ. ಹೈದರಾಬಾದ್ ಅಂತೂ ಹತ್ತಿರವೇ, ಬೆಂಗಳೂರಿಗೂ ಹೋಗೋ 44ನೇ ರಾಷ್ಟ್ರೀಯ ಹೆದ್ದಾರಿ ಮೇಲೇ ಇದೆ. ಅಂದ್ರೆ ಹೆಚ್ಚುಕಮ್ಮಿ ಒಂದು ರಾತ್ರಿ ಪ್ರಯಾಣದಲ್ಲಿ ದೇಶದ ದೊಡ್ಡ ವಿಮಾನ ನಿಲ್ದಾಣಗಳೆಲ್ಲ ಸಿಗ್ತವೆ. ಬೆಂಗಳೂರಲ್ಲಿರೋ ನಿಮ್ಮ ಗೆಳೆಯನಿಗೆ ಈ ಅನುಕೂಲ ಇಲ್ಲ. ಅವನು ಕೋಲ್ಕತ್ತಾಗೆ ರೈಲಲ್ಲಿ ಹೋಗ್ತೀನಿ ಅಂದ್ರೆ ರಜೆ ಅಲ್ಲೇ ಕರಗಿಹೋಗುತ್ತೆ.

ಇದನ್ನ ಬಳಸೋದು ಹೀಗೆ. ಮೊದಲು ದೇಶ ಆರಿಸಿ, ಆಮೇಲೆ ನಾಗಪುರದಿಂದ ಆ ದೇಶಕ್ಕೆ ಟಿಕೆಟ್ ಹುಡುಕಬೇಡಿ. ಯಾವ ಬಾಗಿಲಿಂದ ಯಾವ ದೇಶ ಹತ್ತಿರ ಅಂತ ನೋಡಿ. ಥಾಯ್ಲೆಂಡ್‌ಗೆ ಕೋಲ್ಕತ್ತಾ ಹತ್ತಿರ. ಶ್ರೀಲಂಕಾ, ಮಲೇಷ್ಯಾ, ಸಿಂಗಾಪುರಕ್ಕೆ ಚೆನ್ನೈ. ಮಧ್ಯ ಏಷ್ಯಾದ ದೇಶಗಳಿಗೆ ದೆಹಲಿ. ಪೂರ್ವ ಆಫ್ರಿಕಾಕ್ಕೆ ಮುಂಬೈ. ಶಾರ್ಜಾ ವಿಮಾನ ಹತ್ತಿದ್ರೆ ಅದೇ ಕಂಪನಿಯ ಮುಂದಿನ ವಿಮಾನದಲ್ಲಿ ಜಾರ್ಜಿಯಾ, ಅರ್ಮೇನಿಯಾ, ಕಜಾಕಿಸ್ತಾನ ಕೂಡ ಮುಟ್ಟಬಹುದು.

ಎರಡು ಎಚ್ಚರಿಕೆ. ಒಂದು, ರೈಲು ಟಿಕೆಟ್ ಬುಕಿಂಗ್ ಈಗ ತೆರೆಯೋದು 60 ದಿನ ಮುಂಚೆ. 2024ರ ನವೆಂಬರ್‌ವರೆಗೆ 120 ದಿನ ಇತ್ತು. ವಿಮಾನ ಮೂರು ತಿಂಗಳ ಮುಂಚೆ ತಗೊಂಡಿದ್ರೆ ರೈಲು ಬುಕಿಂಗ್ ತೆರೆಯೋ ದಿನವನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡು, ರೈಲು ಇಳಿದ ದಿನವೇ ವಿಮಾನ ಇಟ್ಕೋಬೇಡಿ. ಚಳಿಗಾಲದಲ್ಲಿ ಉತ್ತರದ ಮಂಜು, ಮಳೆಗಾಲದಲ್ಲಿ ಎಲ್ಲಾದ್ರೂ ಹಳಿ ಮೇಲೆ ನೀರು. ಒಂದು ರಾತ್ರಿ ಆ ಊರಲ್ಲಿ ಉಳಿಯೋ ಖರ್ಚು, ತಪ್ಪಿದ ವಿಮಾನದ ಖರ್ಚಿನ ಮುಂದೆ ಏನೂ ಅಲ್ಲ.

ಒಂದೇ ಟಿಕೆಟ್ಟೋ ಎರಡೋ

ಅಗ್ಗದ ಪ್ರಯಾಣದ ಆಸೆಗೆ ಜನ ಎರಡು ಬೇರೆ ಬೇರೆ ಟಿಕೆಟ್ ಜೋಡಿಸ್ತಾರೆ. ಇದರ ಒಳಗುಟ್ಟು ಅರ್ಥ ಮಾಡ್ಕೊಳ್ಳಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿದ್ರೆ, ಮೊದಲನೇದು ತಡವಾಗಿ ಎರಡನೇದು ತಪ್ಪಿದ್ರೆ ಮುಂದೆ ಕಳಿಸೋ ಜವಾಬ್ದಾರಿ ವಿಮಾನ ಕಂಪನಿದು. ಪಿಎನ್‌ಆರ್ ಬೇರೆ ಬೇರೆ ಆದ್ರೆ ಎರಡನೇ ಕಂಪನಿ ದೃಷ್ಟಿಯಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಟಿಕೆಟ್ ದುಡ್ಡು ಹೋಯ್ತು. ಜೊತೆಗೆ ದೊಡ್ಡ ಬ್ಯಾಗ್ ಚೆಕ್-ಇನ್ ಮಾಡಿದ್ರೆ ನಡುವೆ ಇಳಿದು ಬ್ಯಾಗ್ ತಗೊಂಡು ಮತ್ತೆ ಕೊಡಬೇಕಾಗಬಹುದು. ಹಾಗೆ ಹೊರಗೆ ಬರಬೇಕಂದ್ರೆ ಆ ದೇಶದ ವೀಸಾ ಬೇಕಾಗುತ್ತೆ. ಎರಡು ಸಾವಿರ ಉಳಿಸೋಕೆ ಹೋಗಿ ನಡುದಾರಿಯಲ್ಲಿ ನಿಲ್ಲೋರು ಇಲ್ಲೇ ಸಿಗಬೀಳೋದು.

ನನ್ನ ನಿಯಮ ಸರಳ. ಭಾರತದೊಳಗಿನ ಭಾಗ ಬೇರೆ ಟಿಕೆಟ್ ಇರಲಿ, ಒಂದು ರಾತ್ರಿ ಅಂತರ ಇಟ್ಟು. ದೇಶ ಬಿಟ್ಟ ಮೇಲಿನದೆಲ್ಲ ಒಂದೇ ಪಿಎನ್‌ಆರ್. ಬ್ಯಾಗ್ ಕೈಚೀಲ ಮಾತ್ರ. ಇಂಡಿಗೋ, ಏರ್‌ಏಷ್ಯಾದಂಥ ವಿಮಾನಗಳಲ್ಲಿ ಕೈಚೀಲದ ಮಿತಿ 7 ಕೆ.ಜಿ. ಮನೆಯ ತೂಕದ ಯಂತ್ರದ ಮೇಲೆ ಒಂದು ಸಲ ಇಟ್ಟು ನೋಡಿ. ಲ್ಯಾಪ್‌ಟಾಪ್ ಮನೇಲಿ ಬಿಟ್ಟು ಹೋಗೋಕೆ ಅದಕ್ಕಿಂತ ಒಳ್ಳೆ ನೆಪ ಇಲ್ಲ.

ಎರಡು ಸಣ್ಣ ಟ್ರಿಪ್ಪಿಗಿಂತ ಒಂದು ಉದ್ದದ್ದು

ಇದು ಇಡೀ ಮಾತಿನ ಮುಖ್ಯ ಲೆಕ್ಕ. ಪ್ರವಾಸದ ಖರ್ಚಲ್ಲಿ ಎರಡು ಭಾಗ. ಒಂದು, ಎಷ್ಟು ದಿನ ಇದ್ರೂ ಬದಲಾಗದ್ದು: ರೈಲು, ವಿಮಾನ, ವೀಸಾ. ಇನ್ನೊಂದು, ದಿನದ ಖರ್ಚು: ರೂಮು, ಊಟ, ಓಡಾಟ.

ಉದಾಹರಣೆಗೆ ಅಂತ ಹಿಡಿಯೋಣ. ತಲೆಗೆ ಬದಲಾಗದ ಖರ್ಚು 28,000. ದಿನದ ಖರ್ಚು 3,000. ನಾಲ್ಕು ದಿನ ಹೋದ್ರೆ 28,000 ಜೊತೆ 12,000, ಒಟ್ಟು 40,000. ದಿನಕ್ಕೆ 10,000 ಬಿತ್ತು. ಹತ್ತು ದಿನ ಹೋದ್ರೆ 28,000 ಜೊತೆ 30,000, ಒಟ್ಟು 58,000. ದಿನಕ್ಕೆ 5,800. ವರ್ಷಕ್ಕೆ ನಾಲ್ಕು ದಿನದ ಟ್ರಿಪ್ ಎರಡು ಸಲ ಹೋಗೋರು 80,000 ಕೊಟ್ಟು ಎಂಟು ದಿನ ನೋಡ್ತಾರೆ. ಒಂದೇ ಸಲ ಹೋಗೋರು 58,000 ಕೊಟ್ಟು ಹತ್ತು ದಿನ ನೋಡ್ತಾರೆ. ಅಂಕಿ ನಿಮ್ಮ ದೇಶಕ್ಕೆ ತಕ್ಕಂತೆ ಬದಲಾಯಿಸಿ, ಲೆಕ್ಕದ ದಾರಿ ಇದೇ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತೆ. ದೂರದ ದೇಶಕ್ಕೆ ಹೋದ್ರೆ ಹೆಚ್ಚು ದಿನ ಇರಬೇಕು. ನಾಲ್ಕು ದಿನ ಮಾತ್ರ ಸಿಗೋದಾದ್ರೆ ನೇಪಾಳ, ಶ್ರೀಲಂಕಾದಂಥ ಹತ್ತಿರದ ದೇಶವೇ ಲೇಸು. ದುಬಾರಿ ದೇಶವನ್ನ ಕಡಿಮೆ ದಿನ ನೋಡಿ ಉಳಿಸ್ತೀನಿ ಅನ್ನೋದು ಎರಡೂ ಕಡೆ ನಷ್ಟ.

ಹಾಗಾದ್ರೆ ಹತ್ತು ದಿನ ಎಲ್ಲಿಂದ ತರೋದು? ಶನಿವಾರದಿಂದ ಮುಂದಿನ ವಾರದ ಭಾನುವಾರಕ್ಕೆ ಒಂಬತ್ತು ದಿನ, ಐದು ರಜೆ. ಪಕ್ಕದ ಸೋಮವಾರ ಸರ್ಕಾರಿ ರಜೆ ಇದ್ರೆ ಹತ್ತು. ಅಮೆರಿಕದ ಪ್ರಾಜೆಕ್ಟ್‌ನಲ್ಲಿರೋರಿಗೆ ಇನ್ನೊಂದು ದಾರಿ: ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಆ ವಾರ ಕ್ಲೈಂಟ್ ಕಡೆ ಮೇಲ್ ಬರಲ್ಲ, ಮ್ಯಾನೇಜರ್ ಸಹಿ ಸುಲಭವಾಗಿ ಬೀಳುತ್ತೆ. ನಮ್ಮ ದೀಪಾವಳಿ ಗದ್ದಲ ಮುಗಿದಿರುತ್ತೆ, ಕ್ರಿಸ್‌ಮಸ್ ದರ ಇನ್ನೂ ಏರಿರಲ್ಲ. ನೇಪಾಳದಲ್ಲಿ ಆಗ ಆಕಾಶ ತಿಳಿಯಾಗಿ ಹಿಮಾಲಯ ಕಾಣಿಸೋ ಕಾಲ. ಮೇ ತಿಂಗಳಲ್ಲಿ ನಾಗಪುರದ ಬಿಸಿಲಿಗೆ ಹೆದರಿ ಓಡೋರ ಜೊತೆ ಓಡಿದ್ರೆ, ಶಾಲೆ ರಜೆಯ ದರವನ್ನೂ ಕೊಡಬೇಕು.

ವೀಸಾ: ಮೊದಲೇ ಹೋಗೋ ದುಡ್ಡು

ವೀಸಾ ಶುಲ್ಕ ಸಿಕ್ಕರೂ ಸಿಗದಿದ್ರೂ ವಾಪಸ್ ಬರಲ್ಲ. ಯುರೋಪಿನ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ರೂ ನಾಲ್ಕು ಜನ ದೊಡ್ಡವರಿಗೆ 36,000. ಅರ್ಜಿ ಕೇಂದ್ರದ ಸೇವಾ ಶುಲ್ಕ, ಬೆರಳಚ್ಚು ಕೊಡೋಕೆ ಹೋಗಿಬರೋ ಖರ್ಚು ಬೇರೆ. ಕನಿಷ್ಠ 30,000 ಯೂರೋ ರಕ್ಷಣೆ ಇರೋ ವಿಮೆ ಕಡ್ಡಾಯ. ಅಷ್ಟು ಹೊತ್ತಿಗೆ ನೇಪಾಳದ ಒಂದು ಪ್ರವಾಸವೇ ಮುಗಿದಿರುತ್ತೆ.

ಅದಕ್ಕೇ ಶುರು ಮಾಡೋರು ವೀಸಾ ಬೇಡದ ಅಥವಾ ಆನ್‌ಲೈನಲ್ಲೇ ಸಿಗೋ ದೇಶಗಳಿಂದ ಶುರು ಮಾಡಿ. ನೇಪಾಳ, ಭೂತಾನ್‌ಗೆ ನಮಗೆ ವೀಸಾ ಬೇಡ. ಭೂತಾನ್‌ನಲ್ಲಿ ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ, 2022ರ ಸೆಪ್ಟೆಂಬರ್‌ನಿಂದ. ನಾಲ್ಕು ಜನ ಐದು ರಾತ್ರಿ ಅಂದ್ರೆ ಅದೇ 24,000. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡ್ತಿದೆ. ಕಜಾಕಿಸ್ತಾನ 2022ರಿಂದ 14 ದಿನ. ಇಂಥ ನಿಯಮಗಳು ಆಗಾಗ ಬದಲಾಗ್ತವೆ, ಹಾಗಾಗಿ ಟಿಕೆಟ್ ತಗೊಳ್ಳೋ ದಿನವೇ ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ವಿಡಿಯೋ ನಂಬಬೇಡಿ, ನನ್ನದೂ ಸೇರಿ.

ಐಟಿಯವರಿಗೆ ಇನ್ನೊಂದು ಅನುಕೂಲ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಆನ್‌ಸೈಟ್‌ಗೆ ಅಂತ ಕಂಪನಿ ಮಾಡಿಸಿಕೊಟ್ಟ ಅಮೆರಿಕದ ವೀಸಾ ಇನ್ನೂ ಜಾರಿಯಲ್ಲಿದ್ರೆ ಅದು ಬೇರೆ ಬಾಗಿಲುಗಳನ್ನೂ ತೆರೆಯುತ್ತೆ. ಅಂಥವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳಲ್ಲ. ಟರ್ಕಿ ಆನ್‌ಲೈನ್ ಇ-ವೀಸಾ ಕೊಡುತ್ತೆ. ಪ್ರಾಜೆಕ್ಟ್ ಮುಗಿದು ಪಾಸ್‌ಪೋರ್ಟ್ ಬೀರು ಸೇರಿದ್ರೂ ವೀಸಾ ಮೇಲಿನ ಕೊನೆ ದಿನಾಂಕ ಒಮ್ಮೆ ನೋಡಿಕೊಳ್ಳಿ.

ದುಡ್ಡು ಸೋರೋ ತೂತುಗಳು

ಟಿಕೆಟ್‌ನಲ್ಲಿ ಚೌಕಾಸಿ ಮಾಡಿ ಉಳಿಸಿದ್ದು ಕಾರ್ಡ್‌ನಲ್ಲಿ ಸೋರಿಹೋಗುತ್ತೆ. ಸಾಮಾನ್ಯ ಕ್ರೆಡಿಟ್ ಕಾರ್ಡ್ ವಿದೇಶದಲ್ಲಿ ಉಜ್ಜಿದ್ರೆ 3.5 ಶೇಕಡಾವರೆಗೂ ಮಾರ್ಕಪ್ ಹಾಕ್ತಾರೆ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಒಂದು ಲಕ್ಷ ಖರ್ಚು ಮಾಡಿದ್ರೆ 3,500 ಮಾರ್ಕಪ್, 630 ಜಿಎಸ್‌ಟಿ, ಒಟ್ಟು 4,130. ಮಾರ್ಕಪ್ ಇಲ್ಲದ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ, ಹೋಗೋ ಎರಡು ತಿಂಗಳ ಮುಂಚೆ ಮಾಡಿಸಿಕೊಳ್ಳಿ.

ಎರಡನೇ ತೂತು ಅಂಗಡಿ ಯಂತ್ರದ್ದು. "ರೂಪಾಯಲ್ಲಿ ಕೊಡ್ತೀರಾ, ಇಲ್ಲಿನ ಹಣದಲ್ಲಿ ಕೊಡ್ತೀರಾ?" ಅಂತ ಕೇಳುತ್ತೆ. ರೂಪಾಯಿ ನೋಡಿದ ತಕ್ಷಣ ನಮಗೆ ಸಮಾಧಾನ ಆಗುತ್ತೆ, ಅದನ್ನೇ ಒತ್ತುತ್ತೀವಿ. ಆಗ ವಿನಿಮಯ ದರ ಹಾಕೋದು ಅಂಗಡಿ ಕಡೆಯ ಬ್ಯಾಂಕು, ಅವರ ಲಾಭ ಸೇರಿಸಿ. ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ಎಟಿಎಂನಲ್ಲೂ ಅಷ್ಟೇ.

ಯುಪಿಐ ಈಗ ಹೊರಗೂ ಹೋಗಿದೆ. ಭೂತಾನ್‌ನಲ್ಲಿ 2021ರಲ್ಲಿ ಬಂತು. ಶ್ರೀಲಂಕಾ, ಮಾರಿಷಸ್‌ನಲ್ಲಿ 2024ರ ಫೆಬ್ರವರಿ 12ರಂದು ಶುರುವಾಯ್ತು. ಆದ್ರೆ ಎಲ್ಲ ಅಂಗಡಿಯಲ್ಲೂ ನಡೆಯುತ್ತೆ ಅಂತಲ್ಲ, ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ಮೊದಲೇ ಆನ್ ಮಾಡಬೇಕು. ಕೈಯಲ್ಲಿ ಒಂದಿಷ್ಟು ನೋಟು ಇರಲೇಬೇಕು.

ಮೂರನೇದು ಟಿಸಿಎಸ್. ನಗಬೇಡಿ, ನಮ್ಮ ಕಂಪನಿ ಟಿಸಿಎಸ್ ಅಲ್ಲ, ಮೂಲದಲ್ಲೇ ವಸೂಲಾಗೋ ತೆರಿಗೆ. ವಿದೇಶಿ ಟೂರ್ ಪ್ಯಾಕೇಜ್ ತಗೊಂಡ್ರೆ ಮೊದಲ ರೂಪಾಯಿಯಿಂದಲೇ ಇದನ್ನ ಸೇರಿಸ್ತಾರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತಿದೆ, ಬಿಲ್‌ನಲ್ಲಿ ಕೇಳಿ ನೋಡಿ. ಟಿಕೆಟ್, ಹೋಟೆಲ್, ಇತರ ಖರ್ಚು ಇವುಗಳಲ್ಲಿ ಕನಿಷ್ಠ ಎರಡು ಒಟ್ಟಿಗೆ ಮಾರಿದ್ರೆ ಅದು ಪ್ಯಾಕೇಜ್. ಬರೀ ವಿಮಾನ ಟಿಕೆಟ್ ಅಥವಾ ಬರೀ ಹೋಟೆಲ್ ಪ್ಯಾಕೇಜ್ ಅಲ್ಲ ಅಂತ 2023ರ ಜೂನ್‌ನಲ್ಲೇ ನೇರ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ. ಹಾಗಾಗಿ ನೀವೇ ಬಿಡಿಬಿಡಿಯಾಗಿ ಬುಕ್ ಮಾಡಿದ್ರೆ ಈ ಗೋಜಿಲ್ಲ. ಪ್ಯಾಕೇಜ್‌ನಲ್ಲೇ ಹೋದ್ರೂ ಆ ದುಡ್ಡು ಮುಳುಗಲ್ಲ. ರಿಟರ್ನ್ಸ್ ಹಾಕುವಾಗ ಹೊಂದಿಕೆಯಾಗುತ್ತೆ. ಕಂಪನಿಗೆ ತಿಳಿಸಿ ಸಂಬಳದ ಟಿಡಿಎಸ್‌ನಲ್ಲೇ ಹೊಂದಿಸೋ ಅವಕಾಶವೂ 2024ರ ಅಕ್ಟೋಬರ್‌ನಿಂದ ಇದೆ.

ಎಲ್ಲಿ ಉಳಿಸೋದು, ಎಲ್ಲಿ ಬಿಡೋದು

ಊಟದಲ್ಲಿ ನಮ್ಮವರು ಎರಡು ರೀತಿ ದುಡ್ಡು ಕಳ್ಕೊಳ್ತಾರೆ. ಹೋದಲ್ಲೆಲ್ಲ 'ಇಂಡಿಯನ್ ರೆಸ್ಟೋರೆಂಟ್' ಹುಡುಕಿ, ದಾಲ್ ಫ್ರೈಗೆ ಅಲ್ಲಿನ ಊಟದ ಎರಡರಷ್ಟು ಕೊಡೋದು ಒಂದು. ಇನ್ನೊಂದು ಹೋಟೆಲ್ ತಿಂಡಿ ಸೇರಿಸಿ ರೂಮ್ ಬುಕ್ ಮಾಡಿ, ಬೆಳಗ್ಗೆ ಐದಕ್ಕೇ ಹೊರಡೋದು. ಅಡುಗೆ ಮನೆ ಇರೋ ರೂಮು, ಒಂದು ಕೆ.ಜಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ದಿನಕ್ಕೊಂದು ಹೊತ್ತು ಇದು, ಇನ್ನೊಂದು ಹೊತ್ತು ಅಲ್ಲಿನ ಜನ ತಿನ್ನೋ ಕಡೆ. ನಾಗಪುರಕ್ಕೆ ಬಂದ ಹೊಸದ್ರಲ್ಲಿ ತರ್ರಿ ಪೋಹಾ ಖಾರಕ್ಕೆ ಕಣ್ಣೀರು ಹಾಕಿದೋರು ಈಗ ಭಾನುವಾರ ಅದಿಲ್ದೆ ಇರಲ್ಲ. ಹೊರದೇಶದ ತಿಂಡಿಗೂ ಅಷ್ಟೇ, ಎರಡು ದಿನ ಬೇಕು.

ಉಳಿಸಬಾರದ ಕಡೆ ಎರಡು. ಮೊದಲ ರಾತ್ರಿಯ ರೂಮು ವಿಮಾನ ನಿಲ್ದಾಣದಿಂದ ಸುಲಭವಾಗಿ ತಲುಪೋ ಜಾಗದಲ್ಲಿರಲಿ, ಸ್ವಲ್ಪ ಹೆಚ್ಚಾದ್ರೂ ಸರಿ. ಇನ್ನು ಪ್ರಯಾಣ ವಿಮೆ, ಎಷ್ಟು ಸಣ್ಣ ಪ್ರವಾಸ ಆದ್ರೂ ಬಿಡಬೇಡಿ.

ರೈಲಲ್ಲಿ ಹೋಗೋ ಮೊದಲ ವಿದೇಶ

ನಾಗಪುರದವರು ಶುರು ಮಾಡೋಕೆ ನಾನು ಹೇಳೋದು ನೇಪಾಳ. ಕೇರಳದಿಂದ ಗೋರಖ್‌ಪುರಕ್ಕೆ ಹೋಗೋ ರಾಪ್ತಿಸಾಗರ್ ಎಕ್ಸ್‌ಪ್ರೆಸ್ ನಾಗಪುರದ ಮೇಲೆ ಹೋಗುತ್ತೆ. ಗೋರಖ್‌ಪುರದಿಂದ ಸೋನೌಲಿ ಗಡಿ ಸುಮಾರು 100 ಕಿ.ಮೀ., ಬಸ್, ಜೀಪು ಸಿಗ್ತವೆ. ಗಡಿಯನ್ನ ನಡೆದೇ ದಾಟಬಹುದು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಕೈಲಿರಲಿ. ಆಧಾರ್ ನಂಬಿ ಹೊರಡಬೇಡಿ. ನೇಪಾಳಿ ರೂಪಾಯಿ ನಮ್ಮ ಒಂದಕ್ಕೆ 1.6, ಎಷ್ಟೋ ವರ್ಷಗಳಿಂದ ಅದೇ ಸ್ಥಿರ ದರ. ದೊಡ್ಡ ಭಾರತೀಯ ನೋಟುಗಳ ನಿಯಮ ಅಲ್ಲಿ ಬದಲಾಗ್ತಾ ಬಂದಿದೆ, ನೂರರ ನೋಟು ಇಟ್ಕೊಂಡ್ರೆ ತಲೆಬಿಸಿ ಇಲ್ಲ.

ಗಡಿ ದಾಟಿ ಸುಮಾರು ಇಪ್ಪತ್ತೈದು ಕಿ.ಮೀ. ಹೋದ್ರೆ ಲುಂಬಿನಿ. ಅಲ್ಲಿ ಅಶೋಕನ ಕಂಬ ಇದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಬರೆದಿದೆಯಲ್ಲ, ಅದೇ ಅಶೋಕ. ಮಸ್ಕಿ ನೋಡಿದವರಿಗೆ ಲುಂಬಿನಿಯಲ್ಲಿ ನಿಂತಾಗ ಆ ದೂರ ಎಷ್ಟು ಅಂತ ಮೈಗೆ ಗೊತ್ತಾಗುತ್ತೆ. ಅಲ್ಲಿಂದ ಬಸ್‌ನಲ್ಲಿ ಪೋಖರಾ, ಕಠ್ಮಂಡು. ಪಶುಪತಿನಾಥದಲ್ಲಿ ಮೂಲ ಪೂಜೆ ಮಾಡೋ ಭಟ್ಟರು ಪರಂಪರೆಯಿಂದ ಕರ್ನಾಟಕದ ಕಡೆಯವರು. ಅಷ್ಟು ದೂರ ಹೋಗಿ ಕನ್ನಡ ಕಿವಿಗೆ ಬಿದ್ರೆ ಆಶ್ಚರ್ಯಪಡಬೇಡಿ.

ಊರಿನ ರಜೆ, ಅಪ್ಪ ಅಮ್ಮ

ಈಗ ಕಷ್ಟದ ಮಾತು. ಊರು ಬಿಟ್ಟು ಬಂದ ನಮಗೆ ಪ್ರತಿ ರಜೆಗೂ ಒಂದು ಹಕ್ಕುದಾರರು ಇದ್ದಾರೆ. "ಬಾಲಿಗೆ ಹೋಗೋಕೆ ಟೈಮ್ ಇದೆ, ಊರಿಗೆ ಬರೋಕಿಲ್ವಾ?" ಅನ್ನೋ ಮಾತು ಯಾರ ಮನೇಲಿ ಕೇಳಿಲ್ಲ? ಅದು ನ್ಯಾಯವಾದ ಮಾತೂ ಹೌದು. ನಾನು ಕಂಡ ಉಪಾಯ, ಎರಡನ್ನೂ ಒಂದೇ ಪ್ರಯಾಣ ಮಾಡೋದು. ನಾಗಪುರದ ಮೇಲೆ ಹೋಗೋ ರಾಜಧಾನಿಯಲ್ಲಿ ಬೆಂಗಳೂರಿಗೆ ಹೋಗಿ, ಊರಲ್ಲಿ ಮೂರು ದಿನ ಇದ್ದು, ಅಪ್ಪ ಅಮ್ಮನ ಜೊತೆ ಕೆಂಪೇಗೌಡ ವಿಮಾನ ನಿಲ್ದಾಣದಿಂದಲೇ ಹೊರಡೋದು. ಊರಿಗೆ ಹೋಗೋ ಖರ್ಚು ಹೇಗೂ ಇದ್ದದ್ದೇ. ಹಾಗಾಗಿ ಪ್ರವಾಸದ ಬದಲಾಗದ ಖರ್ಚಲ್ಲಿ ಒಂದು ಭಾಗ ಅಲ್ಲೇ ಕಳೆದುಹೋಗುತ್ತೆ.

ನಮ್ಮಪ್ಪ ತಿಪಟೂರು ಕಡೆ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದವರು. ಜೀವನಪೂರ್ತಿ ಬೇರೆಯವರಿಗೆ ಟಿಕೆಟ್ ಹರಿದುಕೊಟ್ರು. ಅವರಿಗೆ ಅರವತ್ತಾರು ಆದಾಗ ಬೆಂಗಳೂರಿಂದ ಕೊಲಂಬೊಗೆ ಕರ್ಕೊಂಡು ಹೋದ್ವಿ. ಕ್ಯಾಂಡಿಗೆ ಹೋಗೋಕೆ ಕಾರ್ ಮಾಡೋಣ ಅಂದೆ. "ಬಸ್ ಇಲ್ವೇನೋ?" ಅಂದ್ರು. ಕಿಕ್ಕಿರಿದ ಬಸ್ಸಲ್ಲಿ ಅಲ್ಲಿನ ಕಂಡಕ್ಟರ್ ನೋಟನ್ನ ಬೆರಳ ಸಂದಿಗೆ ಉದ್ದುದ್ದ ಮಡಚಿ ಇಟ್ಕೊಂಡು ಬರೋದನ್ನ ನೋಡ್ತಾ ಕೂತ್ರು. ಇಳಿಯುವಾಗ ಅವನ ಭುಜ ತಟ್ಟಿ, ತನ್ನ ಎದೆ ಮುಟ್ಟಿ ತೋರಿಸಿ, ಬೆರಳ ಸಂದಿಗೆ ನೋಟು ಮಡಚೋ ಹಾಗೆ ಕೈ ಆಡಿಸಿದ್ರು. ಅವನಿಗೆ ಅರ್ಥ ಆಯ್ತು, ನಕ್ಕ. ಆ ಬಸ್ ಟಿಕೆಟ್ ಈಗಲೂ ಅಪ್ಪನ ಡೈರಿಯಲ್ಲಿದೆ. ಕಾರ್ ಮಾಡಿದ್ರೆ ಖರ್ಚೂ ಹೆಚ್ಚಾಗ್ತಿತ್ತು, ಇದೂ ಸಿಗ್ತಿರಲಿಲ್ಲ.

ದೊಡ್ಡವರ ಜೊತೆ ಹೋಗುವಾಗ ಕೆಲವು ಸೂಕ್ಷ್ಮ ಇವೆ. ವಯಸ್ಸಾದಷ್ಟೂ ವಿಮೆ ಕಂತು ಏರುತ್ತೆ. ಬಿಪಿ, ಸಕ್ಕರೆ ಕಾಯಿಲೆ ಇದ್ರೆ ಮುಚ್ಚಿಡದೆ ಬರೀರಿ, ಮುಚ್ಚಿಟ್ರೆ ಕ್ಲೇಮ್ ತಿರಸ್ಕಾರ ಆಗುತ್ತೆ. ಮಾತ್ರೆಗಳು ಕೈಚೀಲದಲ್ಲಿರಲಿ, ವೈದ್ಯರ ಚೀಟಿ ಜೊತೆಗೆ. ದಿನಕ್ಕೆ ಒಂದೇ ಜಾಗ. ಟಿಕೆಟ್ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಉದ್ದದ ನಿಲ್ದಾಣಗಳಲ್ಲಿ ಮಂಡಿ ಉಳಿಯುತ್ತೆ. ಅವರ ಹಳೇ ಪಾಸ್‌ಪೋರ್ಟ್ ಇಲ್ಲದಿದ್ರೆ ಇವತ್ತೇ ಅರ್ಜಿ ಹಾಕಿ, 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ದುಡ್ಡು ಮುಂದೆಯೂ ಬರುತ್ತೆ, ರಜೆ ಮುಂದಿನ ವರ್ಷವೂ ಸಿಗುತ್ತೆ. ಅವರ ಮಂಡಿ ಮಾತ್ರ ನಮಗೋಸ್ಕರ ಕಾಯಲ್ಲ.

ಸಾಲ ಬೇಡ ಅಂತ ಯಾಕೆ ಹೇಳ್ತೀನಿ

'ಈಗ ಹೋಗಿ, ಆಮೇಲೆ ಕಂತು ಕಟ್ಟಿ' ಅನ್ನೋ ಜಾಹೀರಾತು ಎಲ್ಲರ ಫೋನಲ್ಲೂ ಬರುತ್ತೆ. ಕೊಚ್ಚಿಯ ದಂಪತಿಗೆ ಪ್ರತಿದಿನ ಬೆಳಗ್ಗೆ ಅಂಗಡಿ ಬಾಗಿಲು ತೆರೆಯೋದು ಅವರ ಕೈಯಲ್ಲೇ ಇತ್ತು. ನಮ್ಮ ಅಂಗಡಿ ಬಾಗಿಲು ತೆರೆಯೋದು ಬೇರೆ ಯಾರೋ. ಒಂದು ಶುಕ್ರವಾರ ಸಂಜೆಯ ಎಚ್‌ಆರ್ ಮೀಟಿಂಗ್ ಸಾಕು, ಮನೆ ಕಂತು, ಕಾರ್ ಕಂತಿನ ಮೇಲೆ ಬಾಲಿಯ ಕಂತೂ ಕತ್ತಿಗೆ ಸುತ್ತಿಕೊಳ್ಳೋಕೆ. ನಾನು ಪಾಲಿಸೋ ಕ್ರಮ ಹೇಳ್ತೀನಿ. ಮೊದಲು ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ. ಎರಡನೇದು ಅಪ್ಪ ಅಮ್ಮನ ಆರೋಗ್ಯ ವಿಮೆ. ಮೂರನೇದು ಪ್ರವಾಸಕ್ಕೇ ಅಂತ ಒಂದು ಆರ್‌ಡಿ. ಆರ್‌ಡಿ ಎಷ್ಟಾಗಿದೆಯೋ ಅಷ್ಟರೊಳಗಿನ ದೇಶ. ಹದಿನೈದು ಸಾವಿರ ಆಗಿದ್ರೆ ಲುಂಬಿನಿ, ಅರವತ್ತು ಆಗಿದ್ರೆ ಶ್ರೀಲಂಕಾ, ಎರಡು ಲಕ್ಷ ಆದಾಗ ಯುರೋಪು. ಇವು ನನ್ನ ಅಂದಾಜು, ನಿಮ್ಮ ಮನೆ ಲೆಕ್ಕ ನಿಮ್ಮದು.

ಈ ವಾರ ಮಾಡೋಕೆ ಮೂರೇ ಕೆಲಸ. ಮನೆಯ ಎಲ್ಲರ ಪಾಸ್‌ಪೋರ್ಟ್ ಅವಧಿ ನೋಡಿ. ಹಲವು ದೇಶಗಳು ಕನಿಷ್ಠ ಆರು ತಿಂಗಳು ಉಳಿದಿರಬೇಕು ಅಂತವೆ. ಕಂಪನಿಯ ರಜೆ ಪಟ್ಟಿ ತೆಗೆದು ಹತ್ತು ದಿನ ಎಲ್ಲಿ ಸಿಗುತ್ತೆ ಅಂತ ಪೆನ್ಸಿಲ್ಲಲ್ಲಿ ಗುರುತು ಮಾಡಿ. ಊರಿಗೆ ಫೋನ್ ಹಚ್ಚಿ ಅಪ್ಪ ಅಮ್ಮನ್ನ ಕೇಳಿ, ಅವರಿಗೆ ನೋಡಬೇಕು ಅನ್ನೋ ಜಾಗ ಯಾವುದಾದ್ರೂ ಇದೆಯಾ ಅಂತ. "ನಮಗೇನು ಬಿಡಪ್ಪ" ಅಂತಾರೆ. ಇನ್ನೊಂದು ಸಲ ಕೇಳಿ.

ಮುಂದಿನ ವಾರ ಮಕ್ಕಳ ಪಾಸ್‌ಪೋರ್ಟ್ ಬಗ್ಗೆ ಮಾತಾಡೋಣ.